ಗಾಜಿನ ಒಲೆ

ಹೊಸ ಒಲೆಯಲ್ಲಿ ಹಿಡಿದು ತಿರುಗಿಸುವಂಥದ್ದು ಏನೂ ಇರಲಿಲ್ಲ. ಕರಿ ಗಾಜಿನ ಒಂದು ಹಲಗೆ, ಅಷ್ಟೆ. ಅಂಬಿಕಾ ಅದನ್ನು ಡಬ್ಬಿಯಿಂದ ಎರಡೂ ಕೈಯಲ್ಲಿ ಎತ್ತಿ ಅಡಿಗೆಕಟ್ಟೆಯ ಮೇಲಿಟ್ಟಳು. ವೇಲಿನ ತುದಿಯಿಂದ ಒರೆಸಿದಳು. ಗೋಡೆಯ ಸ್ವಿಚ್ ಹಾಕಿದ್ದೇ ಗಾಜಿನೊಳಗಿಂದ ಕೆಂಪು ಅಂಕಿಗಳು ಎದ್ದು ಬಂದವು.

"ಹೆಂಗೈತೆ ಅತ್ತೆ?"

ಓಬವ್ವ ಬಗ್ಗಿ ನೋಡಿದಳು. ಗಾಜಿನಲ್ಲಿ ಅವಳ ಮುಖವೇ ಕಂಡಿತು. "ಚೆಂದ ಐತೆ ಕಣವ್ವ. ಹಚ್ಚೋದೆಲ್ಲಿ?"

"ಹಚ್ಚಾಕೆ ಏನೂ ಇಲ್ಲ, ಮುಟ್ಟಿದ್ರೆ ಸಾಕು. ಇಲ್ಲಿ ನೋಡ್ರಿ."

ಅಂಬಿಕಾ ತೋರುಬೆರಳ ತುದಿ ತಾಗಿಸಿದಳು. ಒಲೆ ಕುಂಯ್ ಅಂದಿತು. ಆರಿಸಿ, "ಈಗ ನೀವು" ಅಂದಳು. ಓಬವ್ವ ಬೆರಳಿಟ್ಟಳು. ಒಲೆ ಸುಮ್ಮನಿತ್ತು. ಇನ್ನೊಮ್ಮೆ ಇಟ್ಟಳು. ಸುಮ್ಮನಿತ್ತು. ಮೂರನೇ ಸಲ ಒತ್ತಿಯೇ ಒತ್ತಿದಳು.

"ಗುದ್ದಬ್ಯಾಡ್ರಿ ಅತ್ತೆ, ಮೆತ್ತಗೆ."

"ಮೆತ್ತಗೇ ಇಟ್ನಲ್ಲ."

"ನಮ್ಮವ್ವ ಮೆತ್ತಗೆ ಮುಟ್ಟಿದ್ರೆ ಎಮ್ಮೆ ಎದ್ದು ಓಡತ್ತೆ" ಅಂದ ಬಾಗಿಲಲ್ಲಿ ನಿಂತಿದ್ದ ತಿಪ್ಪೇರುದ್ರ. ಎಲ್ಲರೂ ನಕ್ಕರು. ಓಬವ್ವನೂ ನಕ್ಕಳು. ಆ ಒಲೆಯ ಮುಂದೆ ಈ ಮನೆಯವರು ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ.

ಓಬವ್ವ ಜಗಳೂರಿನ ಶಾಲೆಯೊಂದರಲ್ಲಿ ಹದಿನೆಂಟು ವರ್ಷ ಮಕ್ಕಳಿಗೆ ಬಿಸಿಯೂಟ ಬೇಯಿಸಿದವಳು. ಅದಕ್ಕೂ ಮುಂಚೆ ಕಂಡವರ ಹೊಲದಲ್ಲಿ ಶೇಂಗಾ ಕಿತ್ತು, ಮೆಕ್ಕೆಜೋಳ ಮುರಿದು, ರಸ್ತೆ ಕೆಲಸಕ್ಕೆ ಜಲ್ಲಿ ಹೊತ್ತವಳು. ಬೆರಳ ತುದಿಗಳಲ್ಲಿ ಚರ್ಮ ದಪ್ಪಗಟ್ಟಿ ಬಿರಿದಿತ್ತು. ಅರವತ್ತು ತುಂಬಿತೆಂದು ಮಾರ್ಚ್ ಕೊನೆಯಲ್ಲಿ ಶಾಲೆಯವರು ಶಾಲು ಹೊದಿಸಿ ಕಳಿಸಿದ್ದರು. ಆಗಿನಿಂದ ಮನೆಯ ಅಡಿಗೆ ಪೂರಾ ಅವಳದೇ. ಮಗ ತಿಪ್ಪೇರುದ್ರ ದಾವಣಗೆರೆ ರೂಟಿನ ಬಸ್ ಕಂಡಕ್ಟರ್. ಸೊಸೆ ಅಂಬಿಕಾ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಆರಕ್ಕೆ. ಹಗಲಿಡೀ ಮನೆಯಲ್ಲಿ ಇರುವವರು ಓಬವ್ವ ಮತ್ತು ಅವಳ ಗಂಡ ತಿಪ್ಪೇಶಪ್ಪ. ನಾಲ್ಕಕ್ಕೆ ಶಾಲೆ ಬಿಟ್ಟು ಮೊಮ್ಮಗಳು ಸಂಘಮಿತ್ರಾ ಬರುತ್ತಾಳೆ. ಅವಳಿಗೆ ಏಳು ವರ್ಷ.

ಅಂಬಿಕಾಗೆ ಆ ಒಲೆ ಅಂದರೆ ಜೀವ. ಅವಳ ತವರು ಕೆರೆಬಿಳಚಿ. ಅಲ್ಲಿ ಅವಳ ತಾಯಿ ಹೊಗೆಯಲ್ಲೇ ಬೇಯಿಸಿ ಬೇಯಿಸಿ ಕಣ್ಣು ಕೆಡಿಸಿಕೊಂಡಿದ್ದಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಈ ಮನೆಗೆ ತಾನೇ ನೋಡಿ, ತಾನೇ ಆರಿಸಿ ತಂದ ಮೊದಲ ವಸ್ತು ಅದು. ಮಂಚ ಅತ್ತೆ ಕೊಂಡಿದ್ದು, ಬೀರು ತವರಿನವರು ಕೊಟ್ಟಿದ್ದು, ಟಿವಿ ಗಂಡ ತಂದಿದ್ದು. ಊಟ ಮುಗಿದ ಮೇಲೆ ಅವಳು ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಪಕ್ಕಕ್ಕೆ ನಿಂತು, ಬೆಳಕಿಗೆ ಓರೆಯಾಗಿ ನೋಡಿ, ಒಂದು ಗೀರೂ ಇಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಹಳೆಯ ಗ್ಯಾಸ್ ಒಲೆಯನ್ನು ಸಿಲಿಂಡರ್ ಸಮೇತ ನ್ಯಾಮತಿಗೆ, ಓಬವ್ವನ ಮಗಳು ಪುಷ್ಪಾಳ ಮನೆಗೆ ಕಳಿಸಿಬಿಟ್ಟರು. ಓಬವ್ವ ಬೇಡ ಅಂದಿದ್ದಳು.

"ಒಂದು ಮೂಲೇಲಿ ಬಿದ್ದಿರ್ಲಿ ಬಿಡವ್ವ, ಕರೆಂಟ್ ಹೋದ್ರೆ ಬೇಕಾಗತ್ತೆ."

"ಮೂಲೆ ಎಲ್ಲೈತೆ ಅತ್ತೆ ಈ ಅಡಿಗೆಮನ್ಯಾಗೆ? ಹೊಂದ್ಕೊಂಡು ಹೊಸ್ದು ಕಲೀರಿ. ಮಿತ್ರಾ ಕಲಿತಿಲ್ವಾ?"

ನಿಜ. ಸಂಘಮಿತ್ರಾ ಒಂದೇ ದಿನಕ್ಕೆ ಕಲಿತಿದ್ದಳು. ಒಲೆಗೆ ಆ ಎಳೆ ಬೆರಳು ಅಂದರೆ ಇಷ್ಟ. ತಾಗಿಸಿದರೆ ಸಾಕು, ಕುಂಯ್. ಹಾಗಾಗಿ ಸಂಜೆ ನಾಲ್ಕರ ಮೇಲೆ ಓಬವ್ವನ ಅಡಿಗೆ ಸಲೀಸಾಗುತ್ತಿತ್ತು. "ಮಿತ್ರಾ, ಬಾರೆ, ಹಚ್ಚು." "ಮಿತ್ರಾ, ಬಾರೆ, ಕಮ್ಮಿ ಮಾಡು." ಹಗಲು ಹೊತ್ತಿನಲ್ಲಿ ಮಾತ್ರ ಒಲೆಗೂ ಅವಳಿಗೂ ಜಗಳ. ಬೆರಳು ಬೇಡ ಅಂದರೆ ಬೆರಳ ಗೆಣ್ಣು ಇಡುತ್ತಿದ್ದಳು, ಗೆಣ್ಣು ಬೇಡ ಅಂದರೆ ಮೊಣಕೈ. ಒಮ್ಮೆ ತಿಪ್ಪೇಶಪ್ಪನನ್ನು ಕರೆದು ಅವನ ಬೆರಳು ಇಡಿಸಿದಳು. ಕುರಿ ಕಾದು ಕಾದು ಅವನ ಕೈಯೂ ಅದೇ ಥರ ಆಗಿತ್ತು. ಒಲೆ ಅವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಇದಕ್ಕೆ ನಾವಿಬ್ರೂ ಸತ್ತೋರ ಲೆಕ್ಕ ಕಣೇ" ಅಂದ ತಿಪ್ಪೇಶಪ್ಪ. ಅವತ್ತು ಅವನಿಗೆ ಚಾ ಸಿಕ್ಕಿದ್ದು ನಾಲ್ಕು ಗಂಟೆಗೆ.

ಮುದ್ದೆಯದು ಇನ್ನೊಂದು ಪಾಡು. ಹಿಟ್ಟು ಬೆಂದ ಮೇಲೆ ಕೋಲು ಹಾಕಿ ತಿರುವಬೇಕು. ತಿರುವಿದರೆ ಪಾತ್ರೆ ಗಾಜಿನ ಮೇಲೆ ಜಾರಿ ಗೋಡೆಗೆ ಹೋಗಿ ಬಡಿಯುತ್ತಿತ್ತು. ಕೆಳಗಿಳಿಸಿ ತಿರುವೋಣವೆಂದರೆ ಅಂಬಿಕಾಳ ಕಟ್ಟಪ್ಪಣೆ ಇತ್ತು: ಒಲೆ ನಡೆಯುತ್ತಿರುವಾಗ ಪಾತ್ರೆ ಎತ್ತಬಾರದು, ಮೊದಲು ಆರಿಸಬೇಕು, ಇಲ್ಲದಿದ್ದರೆ ಕೆಟ್ಟುಹೋಗುತ್ತೆ ಅಂತ ಪುಸ್ತಕದಲ್ಲಿ ಬರೆದಿದೆ.

ಒಂದು ಮಧ್ಯಾಹ್ನ ಓಬವ್ವ ಸಿಟ್ಟು ತಡೆಯಲಾರದೆ ಅಂಗೈಯಿಂದ ಗಾಜಿಗೆ ಒಂದು ಏಟು ಹಾಕಿದಳು. ಶನಿವಾರವಾದ್ದರಿಂದ ಅಂಬಿಕಾ ಬೇಗ ಬಂದಿದ್ದಳು.

"ಅತ್ತೆ! ಒಡೆದುಹೋದ್ರೆ ಏನ್ರೀ ಗತಿ?"

"ಒಡೀಲಿ! ಅರ್ಧ ಗಂಟೆಯಿಂದ ಬೇಡ್ಕಳ್ಳಾಕೆ ಹತ್ತೀನಿ ಇದನ್ನ. ಒಲೆ ಹಚ್ಚಾಕೂ ಕಾಲು ಹಿಡೀಬೇಕಾ?"

"ಕೈ ಸರಿಯಾಗಿ ಇಟ್ರೆ ಹತ್ತತ್ತೆ. ನಂಗೆ ಹತ್ತತ್ತೆ, ನಿಮ್ಮ ಮಗಂಗೆ ಹತ್ತತ್ತೆ, ಮಗೂಗೆ ಹತ್ತತ್ತೆ. ನಿಮಗೊಬ್ರಿಗೇ ಯಾಕೆ ಹತ್ತಲ್ಲ?"

"ಅದನ್ನ ಒಲೇನ ಕೇಳು."

ಅಂಬಿಕಾ ಹಣೆಗೆ ಹಚ್ಚುವ ಕೆಂಪು ಬಿಂದಿಯೊಂದನ್ನು ತಂದು, ಹಚ್ಚುವ, ಆರಿಸುವ ಜಾಗದ ಪಕ್ಕದಲ್ಲಿ ಅಂಟಿಸಿದಳು. "ಇಲ್ಲಿ. ಇದರ ಪಕ್ಕದಾಗೆ ಮುಟ್ರಿ. ಇನ್ನೇನು ಮಾಡ್ಲಿ ನಾನು?"

ಜುಲೈ ತಿಂಗಳ ಒಂದು ಗುರುವಾರ, ನಾಲ್ಕೂವರೆ ಹೊತ್ತಿಗೆ, ಓಬವ್ವ ಮೊಮ್ಮಗಳಿಂದ ಒಲೆ ಹಚ್ಚಿಸಿ ಹಾಲಿಟ್ಟಳು. ಹುಡುಗಿ ಪಡಸಾಲೆಗೆ ಹೋಗಿ ಶೂ ಬಿಚ್ಚುತ್ತಾ ಕೂತಳು. ಓಬವ್ವ ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದಳು. ಹಾಲು ಮೇಲೇರಿತು. ಒದ್ದೆ ಕೈಯಲ್ಲೇ ಬಂದು ಬಿಂದಿಯ ಪಕ್ಕ ಬೆರಳಿಟ್ಟಳು. ಒಲೆ ಆರಲಿಲ್ಲ. ಸೆರಗಿಗೆ ಕೈ ಒರೆಸಿ ಮತ್ತೆರಡು ಸಲ ಇಟ್ಟಳು. ಆರಲಿಲ್ಲ. ಅಷ್ಟರಲ್ಲಿ ಹಾಲು ಉಕ್ಕಿ, ಗಾಜಿನ ಮೇಲೆ ಹರಿದು, ಆ ಬಿಂದಿಯನ್ನೇ ಮುಳುಗಿಸಿತು. ಒಲೆ ಕುಂಯ್ ಕುಂಯ್ ಎಂದು ಕೂಗತೊಡಗಿತು, ಉರಿ ಮಾತ್ರ ನಿಲ್ಲಲಿಲ್ಲ. ಗೋಡೆಯ ಸ್ವಿಚ್ ಇದ್ದದ್ದು ಆ ಉಕ್ಕುವ ಪಾತ್ರೆಯ ಹಿಂದೆ.

"ಅಜ್ಜಿ, ತಡಿ, ನಾನು ಆರಿಸ್ತೀನಿ!"

"ಬರಬ್ಯಾಡ!" ಅಂತ ಓಬವ್ವ ಕೂಗುವ ಹೊತ್ತಿಗೆ ಹುಡುಗಿ ಸ್ಟೂಲು ಹತ್ತಿ ಕೈ ಚಾಚಿದ್ದಳು. ಪಾತ್ರೆ ಜಾರಿತು. ಹಾಲು ಅವಳ ಎಡಗೈ ಮೇಲೆ, ಮಣಿಕಟ್ಟಿನಿಂದ ಮೇಲಕ್ಕೆ, ಸುರಿಯಿತು.

ತಿಪ್ಪೇಶಪ್ಪ ಟೂತ್‌ಪೇಸ್ಟ್ ಹಿಡಿದು ಓಡಿ ಬಂದ. ಓಬವ್ವ ಅವನ ಕೈ ತಳ್ಳಿ, ಹುಡುಗಿಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಅದು ಎಷ್ಟು ಚೀರಿದರೂ ಬಿಡದೆ ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟಳು. ಶಾಲೆಯ ಅಡಿಗೆಯವರ ತರಬೇತಿಯಲ್ಲಿ ಕಲಿಸಿದ್ದರು. ಆಮೇಲೆ ಒದ್ದೆ ಬಿಳಿ ಬಟ್ಟೆ ಸುತ್ತಿ, ಸೊಂಟದ ಮೇಲೆ ಎತ್ತಿಕೊಂಡು ಆಸ್ಪತ್ರೆಗೆ ಹೊರಟಳು. ಆಟೋದವನು ಸಿಗಲಿಲ್ಲ. ನಡೆದೇ ಹೋದಳು.

ಡಾಕ್ಟರು ಬ್ಯಾಂಡೇಜ್ ಸುತ್ತಿ, "ತಣ್ಣೀರು ಹಾಕಿದ್ದಕ್ಕೆ ಇಷ್ಟರಲ್ಲಿ ಮುಗೀತು. ಆದ್ರೆ ಕಲೆ ಉಳಿಯುತ್ತೆ" ಅಂದರು.

ಅಂಬಿಕಾ ಮನೆಗೆ ಬಂದಾಗ ಹುಡುಗಿ ಮಲಗಿದ್ದಳು. ಅವಳು ಮಗಳ ಕೈ ನೋಡಿದಳು, ಅಡಿಗೆಮನೆಯಲ್ಲಿ ಒಣಗಿ ಅಂಟಿದ ಹಾಲು ನೋಡಿದಳು, ಸ್ಟೂಲು ನೋಡಿದಳು.

"ಏಳು ವರ್ಷದ ಮಗೂನ ಒಲೆ ಹತ್ರ ಯಾಕೆ ಕರೆದ್ರಿ?"

"ಕರೀಲಿಲ್ಲ. ತಾನೇ ಬಂತು."

"ದಿನಾ ಕರೆದು ಕರೆದು ರೂಢಿ ಮಾಡಿದ್ದಕ್ಕೆ ಬಂತು! ಇವತ್ತು ಕರೀದಿದ್ರೆ ಏನು ಬಂತು ಭಾಗ್ಯ?"

ಅದು ನಿಜವೇ ಆಗಿತ್ತು. "ಒಲೆ ಆರಲಿಲ್ಲ ಅಂಬಿಕಾ. ಮೂರು ಸಲ ಮುಟ್ಟಿದೆ. ಆರಲಿಲ್ಲ."

"ಆರಲ್ಲ ಅಂದ್ರೆ? ನಂಗೆ ಹೆಂಗೆ ಆರತ್ತೆ?"

"ಪಾತ್ರೆ ಎತ್ತಿ ನೆಲಕ್ಕೆ ಕುಕ್ಕಿದ್ರೆ ಮುಗೀತಿತ್ತು. ಎತ್ತಬಾರ್ದು ಅಂತ ನೀನೇ ಹೇಳಿದ್ದೆ. ಅದಕ್ಕೆ ಮೊದ್ಲು ಆರಿಸಾಕೆ ಹೋದೆ."

"ಅಂದ್ರೆ ಈಗ ತಪ್ಪು ನಂದಾ? ನನ್ನ ಮಗಳ ಕೈ ಸುಟ್ಟು ನನ್ನ ಮೇಲೇ ಹಾಕ್ತೀರಾ?"

"ಹದಿನೆಂಟು ವರ್ಷ ನೂರಿಪ್ಪತ್ತು ಮಕ್ಕಳಿಗೆ ಬೇಯ್ಸೀನಿ. ಒಂದು ಮಗೀಗೂ ಒಂದು ಬೊಬ್ಬೆ ಎದ್ದಿಲ್ಲ."

"ಅಲ್ಲಿ ಎದ್ದಿಲ್ಲ. ಇಲ್ಲಿ ಎದ್ದೈತೆ. ನೋಡ್ರಿ ಹೋಗಿ."

ತಿಪ್ಪೇರುದ್ರ ಇಬ್ಬರ ನಡುವೆ ನಿಂತು "ಆಗಿದ್ದು ಆತು, ಬಿಡ್ರಿ" ಅಂದ. ಅವ್ವನ ಕಡೆ ನೋಡಿಯೂ ಅದನ್ನೇ ಅಂದ, ಹೆಂಡತಿಯ ಕಡೆ ನೋಡಿಯೂ ಅದನ್ನೇ ಅಂದ. ಆಮೇಲೆ ಬೆಳಗಿನ ಡ್ಯೂಟಿ ಇದೆಯೆಂದು ಹೋಗಿ ಮಲಗಿದ.

ಅಂಬಿಕಾ ಒಲೆ ಕೊಂಡ ಅಂಗಡಿಗೆ ಫೋನ್ ಮಾಡಿದ್ದಕ್ಕೆ ಮೂರನೇ ದಿನ ಸರ್ವಿಸ್‌ನ ಜಾವೀದ್ ಬಂದ. ತೆಳ್ಳಗಿನ ಮನುಷ್ಯ, ಕೊರಳಲ್ಲಿ ಗುರುತಿನ ಚೀಟಿ, ಬೆನ್ನಿಗೆ ಚೀಲ. ಒಲೆಯನ್ನು ತಿರುವಿ ಹಾಕಿ, ಬಿಚ್ಚಿ, ಮೀಟರ್ ಹಿಡಿದು ನೋಡಿ, ಮತ್ತೆ ಮುಚ್ಚಿ ತನ್ನ ಬೆರಳಿಂದ ಹತ್ತು ಸಲ ಹಚ್ಚಿ ಹತ್ತು ಸಲ ಆರಿಸಿದ.

"ಮಷೀನ್ ಸರಿ ಐತೆ ಅಕ್ಕ."

"ನಂಗೆ ಆರಲಿಲ್ಲಪ್ಪ" ಅಂದಳು ಓಬವ್ವ.

ಜಾವೀದ್ ಅವಳ ಕಡೆ ಒಮ್ಮೆ ನೋಡಿ, ಚೀಲದಿಂದ ಪುಸ್ತಕ ತೆಗೆದು ಏನೋ ಬರೆದ. "ಇಲ್ಲೊಂದು ಸಹಿ ಅಕ್ಕ." ಅಂಬಿಕಾ ಸಹಿ ಹಾಕಿದಳು. ಅವನು ಹಾಳೆ ಹರಿದು ಕೊಟ್ಟು ಹೋದ.

ಓಬವ್ವ ಆ ಹಾಳೆಯನ್ನು ಮೊಮ್ಮಗಳ ಹತ್ತಿರ ಒಯ್ದಳು. "ಓದೇ ಮಗ, ಏನು ಬರ್ದೈತೆ?"

ಸಂಘಮಿತ್ರಾ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು. "ಬ-ಳ-ಸಿ-ದ-ವರ ತಪ್ಪು. ಅಂದ್ರೇನಜ್ಜಿ?"

"ಅಜ್ಜಿ ತಪ್ಪು ಅಂತ."

"ಕೆಳಗೆ ಮಮ್ಮಿ ಸಹಿ ಐತೆ."

ಓಬವ್ವ ಹಾಳೆಯನ್ನು ಅಂಬಿಕಾಳ ಮುಂದೆ ಹಿಡಿದಳು. "ಇದಕ್ಕೆ ಸಹಿ ಮಾಡ್ದೆ ನೀನು? ನಾನು ಇಲ್ಲೇ ನಿಂತಿದ್ದೆ. ನಿನ್ನ ಕಣ್ಣೆದುರಿಗೇ ಇದ್ದೆ."

"ಸರ್ವಿಸ್ ಮಾಡಿದ್ದಕ್ಕೆ ಸಹಿ ಅದು ಅತ್ತೆ. ಎಲ್ರೂ ಹಾಕ್ತಾರೆ."

"ಏನು ಬರ್ದಾನೆ ಅಂತ ಓದಿದ್ದೆ ತಾನೆ?"

ಅಂಬಿಕಾ ಹಾಳೆ ಇಸಿದುಕೊಂಡು ಪರ್ಸಿಗೆ ಹಾಕಿ, "ಓದಿದ್ದೆ" ಅಂದಳು.

ಮಾರನೇ ಬೆಳಿಗ್ಗೆ ಓಬವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿದಳು.

ಅಂದಿನಿಂದ ಮನೆಯಲ್ಲಿ ಎರಡು ಅಡಿಗೆ. ಹಿತ್ತಲಲ್ಲಿ ಮುದ್ದೆ, ಬಸ್ಸಾರು, ಬಿಸಿ ರೊಟ್ಟಿ, ಕುಟ್ಟಿದ ಶೇಂಗಾ ಚಟ್ನಿ. ಒಳಗೆ ಅವಸರದ ಚಿತ್ರಾನ್ನ, ಉಪ್ಪಿಟ್ಟು, ಮತ್ತೆ ಚಿತ್ರಾನ್ನ. ಅಂಬಿಕಾ ಐದಕ್ಕೇ ಎದ್ದು ಎರಡು ಹೊತ್ತಿನದೂ ಮಾಡಿಟ್ಟು ಕೆಲಸಕ್ಕೆ ಓಡುತ್ತಿದ್ದಳು. ತಿಪ್ಪೇಶಪ್ಪ ಮೊದಲ ದಿನವೇ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದ. ಸಂಘಮಿತ್ರಾಳ ಪಾಲಿಗೆ ಎರಡೂ ಮನೆ ತನ್ನವೇ. ತಿಪ್ಪೇರುದ್ರ ಬೆಳಿಗ್ಗೆ ಒಳಗೆ ತಿಂಡಿ ತಿಂದು, ಸಂಜೆ ಬಂದವನೇ ಹಿತ್ತಲಿಗೆ ಹೋಗಿ "ಏನವ್ವಾ ಸಾರು?" ಅಂತ ಅಲ್ಲೂ ಉಣ್ಣುತ್ತಿದ್ದ.

ಪಕ್ಕದ ಮನೆಯ ಸಾವಂತ್ರಮ್ಮ ಕಾಂಪೌಂಡಿನ ಮೇಲೆ ಮೊಣಕೈ ಊರಿ ಕೇಳಿದಳು. "ಯಾಕೆ ಓಬವ್ವ, ಸೊಸೆ ಹೊರಗ್ಹಾಕಿದ್ಲಾ?"

"ಅವಳೇನು ಹೊರಗ್ಹಾಕ್ತಾಳೆ? ನಾನೇ ಬಂದೀನಿ. ನಿಂಗೆ ಹೊಗೆ ಬರ್ತೈತೇನು?"

"ಬರ್ತೈತೆ."

"ಹಂಗಾದ್ರೆ ಕಿಟಕಿ ಮುಚ್ಕೊ."

ಮಗನನ್ನು ಮಾತ್ರ ಅವಳು ಸುಮ್ಮನೆ ಬಿಡಲಿಲ್ಲ. ಒಂದು ಸಂಜೆ ಅವನು ರೊಟ್ಟಿ ಮುರಿಯುತ್ತಿದ್ದಾಗ, ಅವನ ಚೀಲದಿಂದ ಟಿಕೆಟ್ ಮಷೀನನ್ನು ಎತ್ತಿಕೊಂಡಳು. ಅದರ ಬಟನ್‌ಗಳ ಮೇಲಿನ ಅಂಕಿಗಳು ಸವೆದು ಮಾಸಿದ್ದವು.

"ಅಂಕೀನೇ ಕಾಣಲ್ಲ. ಹೆಂಗೆ ಹೊಡೀತಿ?"

"ಬೆರಳಿಗೆ ಗೊತ್ತಾಗತ್ತವ್ವ. ಬಸ್ಸು ಕುಣೀತಿರತ್ತೆ, ನೋಡಾಕೆ ಎಲ್ಲಾಗತ್ತೆ?"

"ನಿನ್ನ ಬೆರಳಿಗೆ ಗೊತ್ತಾಗೋ ಹಂಗೆ ಮಾಡಿಕೊಟ್ಟಾರೆ. ನನ್ನ ಬೆರಳಿಗೆ ಯಾಕಿಲ್ಲ? ಇದನ್ನ ನಿನ್ನ ಹೆಂಡ್ತಿಗೆ ಒಂದು ಮಾತು ಹೇಳಿದ್ಯಾ?"

"ಹೇಳ್ತೀನಿ ಬಿಡವ್ವ."

ಅವನು ಹೇಳಲಿಲ್ಲ.

ಮೂರು ವಾರ ಹೀಗೇ ಹೋಯಿತು. ಒಂದು ಭಾನುವಾರ ಬೆಳಿಗ್ಗೆ ಅಂಬಿಕಾ ಒಳಗೆ ದೋಸೆಗೆ ಕಾಯಿ ಚಟ್ನಿ ಅರೆದು, ಸಾಂಬಾರಿಗೆ ಬೇಳೆ ಇಟ್ಟಿದ್ದಳು. ಬೇಳೆ ಉಕ್ಕಿತು. ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ಬಂದು ಬೆರಳಿಟ್ಟಳು. ಒಲೆ ಆರಲಿಲ್ಲ. ಕೈ ನೀರಿಗೆ ಹಿಡಿದು ತೊಳೆದು ಮತ್ತೆ ಇಟ್ಟಳು. ಆರಲಿಲ್ಲ. ಬೇಳೆಯ ನೊರೆ ಗಾಜಿನ ಮೇಲೆ ಹರಿದು ಬಂದು ಅವಳ ಬೆರಳ ಸುತ್ತ ನಿಂತಿತು. ಒಲೆ ಕುಂಯ್ ಕುಂಯ್ ಅನ್ನತೊಡಗಿತು. ಮೇಲಿದ್ದ ಅಂಕಿ ಒಂಬತ್ತು. ಅದು ಇಳಿಯಲಿಲ್ಲ. ಅವಳು ಒರೆಸಿದಳು, ಮತ್ತೆ ಉಕ್ಕಿತು. ಮುಟ್ಟಿದಳು. ಗುದ್ದಿದಳು. ಕೊನೆಗೆ ಹಬೆಯೊಳಗೆ ಕೈ ತೂರಿಸಿ ಗೋಡೆಯ ಸ್ವಿಚ್ ಆರಿಸಿದಳು. ಮುಂಗೈ ಚುರ್ ಅಂದಿತು.

ಆಮೇಲೆ ಗಾಜನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸ್ವಿಚ್ ಹಾಕಿ, ಒಂದು ಪಾತ್ರೆ ನೀರಿಟ್ಟು, ಬೇಕೆಂದೇ ನಲ್ಲಿಯಲ್ಲಿ ಕೈ ಒದ್ದೆ ಮಾಡಿಕೊಂಡು ಮುಟ್ಟಿದಳು. ಐದು ಸಲದಲ್ಲಿ ಒಂದು ಸಲ ಆರಿತು. ಮತ್ತೆ ಮಾಡಿದಳು. ಈ ಸಲ ಐದಕ್ಕೆ ಐದೂ ಆರಲಿಲ್ಲ.

ಹಿತ್ತಲಲ್ಲಿ ಓಬವ್ವ ರೊಟ್ಟಿ ತಟ್ಟುತ್ತಿದ್ದಳು. ಅಂಬಿಕಾ ಬಂದು ಎದುರಿಗೆ ಕುಕ್ಕುರುಗಾಲಲ್ಲಿ ಕೂತಳು.

"ಅತ್ತೆ, ಅದು ಒದ್ದೆ ಕೈಗೆ ಆರಲ್ಲ. ನಂಗೂ ಆರಲಿಲ್ಲ."

ಓಬವ್ವ ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ತಪ್ಪಾತು ಅತ್ತೆ."

"ಯಾವುದು ತಪ್ಪಾತು?"

"ನಿಮ್ಮ ಮೇಲೆ ಹಾಕಿದ್ದು."

"ನಾನು ಏನು ಹೇಳಿದ್ದೆ? ಮೂರು ಸಲ ಮುಟ್ಟಿದೆ, ಆರಲಿಲ್ಲ ಅಂತ ಹೇಳಿದ್ನೋ ಇಲ್ವೋ?"

"ಹೇಳಿದ್ರಿ."

"ನನ್ನ ಬಾಯಿ ಹೇಳಿದ್ದು ನಿಂಗೆ ಸಾಲಲಿಲ್ಲ. ನಿನ್ನ ಕೈ ಸುಟ್ಟ ಮ್ಯಾಲೆ ಗೊತ್ತಾತು. ಒಂಬತ್ತು ವರ್ಷ ನನ್ನ ಕೈಯ ಅನ್ನ ಉಂಡೀಯ. ಮೊನ್ನೆ ಬಂದ ಗಾಜಿನ ಹಲಗೆ ಮ್ಯಾಲೆ ನಂಬಿಕೆ ಬಂತು, ನನ್ನ ಮ್ಯಾಲೆ ಬರಲಿಲ್ಲ!" ಓಬವ್ವನ ದನಿ ಏರಿತು. ಕಾಂಪೌಂಡಿನ ಆಚೆ ಸಾವಂತ್ರಮ್ಮನ ಕಿಟಕಿ ತೆರೆಯಿತು. "ಮೂರು ವಾರದಿಂದ ಆ ಮಗೀನ ಕೈ ನೋಡಿದಾಗೆಲ್ಲ ನಾನೇ ಸುಟ್ಟೆ ಅಂತ ಎದೆ ಬಡ್ಕಂಡೀನಿ. ನಂಗೇ ಅನುಮಾನ ಬಂದ್ಬಿಟ್ಟಿತ್ತು, ನನ್ನ ಕೈಯೇ ಸತ್ತೈತೇನೋ ಅಂತ. ಅದನ್ನ ಹೆಂಗೆ ವಾಪಸ್ ಕೊಡ್ತಿ ನೀನು?"

ಅಂಬಿಕಾ ಅಳಲಿಲ್ಲ. ಕೆಂಪಾದ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. "ಬೈರಿ ಅತ್ತೆ. ಆದ್ರೆ ನಂಜೊತೆ ಅಂಗಡಿಗೆ ಬರ್ರಿ. ನಾನೊಬ್ಳೇ ಹೋದ್ರೆ ಅವರು ನಂಗೂ ಅದೇ ಮಾತು ಹೇಳ್ತಾರೆ."

ಓಬವ್ವ ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ, ಬೆಂದ ಮೇಲೆ ತೆಗೆದಿಟ್ಟು, ಉರಿಯುವ ಕಟ್ಟಿಗೆಯನ್ನು ಹೊರಗೆಳೆದು ನೀರು ಚುಮುಕಿಸಿದಳು.

"ಒಲೆ ತಗಾ. ನಡಿ."

ಅಂಗಡಿಯಲ್ಲಿ ಭಾನುವಾರದ ಜನ ಇತ್ತು. ಮಾಲೀಕ ಸಿದ್ದೇಶ್ ಒಬ್ಬ ಗಂಡ ಹೆಂಡತಿಗೆ ಗಾಜಿನ ಒಲೆಯನ್ನೇ ತೋರಿಸುತ್ತಿದ್ದ. ಒಳಗೆ ಒಂದು ಮೂಲೆಯಲ್ಲಿ ಜಾವೀದ್ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ಅಂಬಿಕಾ ಒಲೆಯನ್ನು ಕೌಂಟರ್ ಮೇಲಿಟ್ಟು ಆದದ್ದನ್ನು ಹೇಳಿದಳು.

ಸಿದ್ದೇಶ್ ಪೂರಾ ಕೇಳಿಸಿಕೊಂಡ. "ಮೇಡಂ, ಮಗೂಗೆ ಹಂಗಾಗಿದ್ದು ನಮಗೂ ಬೇಜಾರೇ. ಆದ್ರೆ ಐಟಂದಾಗೆ ಏನೂ ತೊಂದ್ರೆ ಇಲ್ಲ. ನಮ್ಮ ಹುಡುಗ ಬಂದು ಚೆಕ್ ಮಾಡ್ಯಾನೆ. ವಯಸ್ಸಾದೋರು ಇರ್ತಾರೆ, ಅವರಿಗೆ ಅಭ್ಯಾಸ ಇರಲ್ಲ..."

"ವಯಸ್ಸಾದೋರು ಇಲ್ಲೇ ನಿಂತೀನಪ್ಪ" ಅಂದಳು ಓಬವ್ವ. "ನನ್ನ ಮುಖ ನೋಡಿ ಹೇಳು."

ಸಿದ್ದೇಶ್ ನಕ್ಕ. "ಅಮ್ಮಾ, ಹಂಗಲ್ಲ..."

"ಒಂದು ಪಾತ್ರೆ ನೀರಿಡು ಇದರ ಮ್ಯಾಲೆ. ಕುದೀಲಿ."

ಜನ ನೋಡುತ್ತಿದ್ದರು. ಇಡದೆ ಇರಲು ಆಗಲಿಲ್ಲ. ನೀರು ಕುದಿಯಿತು. ಓಬವ್ವ ಅಂಗಡಿಯ ಕುಡಿಯುವ ನೀರಿನ ಲೋಟವನ್ನು ಸಿದ್ದೇಶನ ಮುಂದೆ ಹಿಡಿದಳು.

"ಕೈ ಅದ್ದು. ಅದ್ದಿ ಆರಿಸು."

"ಒರೆಸ್ಕೊಂಡು ಮುಟ್ಬೇಕಮ್ಮ, ಅದಕ್ಕೇ..."

"ಒರೆಸ್ಕಳ್ಳೋ ಹೊತ್ತಿಗೆ ಮಗಿನ ಕೈ ಬೆಂದಿತ್ತು. ಅಡಿಗೆಮನ್ಯಾಗೆ ಯಾವಳ ಕೈ ಒಣಗಿರತ್ತೆ? ನಿನ್ನ ಹೆಂಡ್ತೀದು ಒಣಗಿರತ್ತಾ? ಅದ್ದು!"

ಸಿದ್ದೇಶ್ ಕೈ ಅದ್ದಿ ಮುಟ್ಟಿದ. ಒಲೆ ಕುದಿಸುತ್ತಲೇ ಇತ್ತು. ಮತ್ತೆ ಮುಟ್ಟಿದ. ನಾಲ್ಕನೇ ಸಲ ಅಂಕಿ ಒಂಬತ್ತರಿಂದ ಹತ್ತಕ್ಕೆ ಹೋಯಿತು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಅವನು ಮುಖ ಕೆಂಪು ಮಾಡಿಕೊಂಡು ಸ್ವಿಚ್ ಆರಿಸಿದ.

ಫ್ಯಾನು ಕೊಳ್ಳಲು ಬಂದಿದ್ದ ಟೈಲರ್ ಮಸರತ್ ಮುಂದೆ ಬಂದಳು. "ನಾನೊಂದು ಸಲ ನೋಡ್ತೀನಿ. ನನ್ನ ಕೈ ಒಣಗೇ ಐತೆ." ಇಪ್ಪತ್ತು ವರ್ಷ ಸೂಜಿ ಹಿಡಿದ ಬೆರಳು. ಒಲೆಗೆ ಅದೂ ಗೊತ್ತಾಗಲಿಲ್ಲ. "ಅಯ್ಯೋ" ಅಂದಳು ಮಸರತ್, ತನ್ನ ಬೆರಳನ್ನೇ ನೋಡಿಕೊಳ್ಳುತ್ತಾ. "ನಾವು ದುಡಿಯೋರು ಇದನ್ನ ಹಚ್ಚೋ ಹಂಗೇ ಇಲ್ಲೇನು?"

ಒಲೆ ನೋಡುತ್ತಿದ್ದ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿ ಮೆಲ್ಲಗೆ ಹೊರಗೆ ನಡೆದರು.

ಓಬವ್ವ ಮೂಲೆಗೆ ತಿರುಗಿದಳು. "ನೀನು ಬಾರಪ್ಪ ಇಲ್ಲಿ. ನೀನೇ ತಾನೆ ಬರ್ದಿದ್ದು, ಬಳಸಿದವರ ತಪ್ಪು ಅಂತ?"

ಜಾವೀದ್ ಎದ್ದು ಬಂದ. ಮಾಲೀಕನ ಕಡೆ ನೋಡಿದ, ಆಮೇಲೆ ನೆಲ ನೋಡಿದ. "ಅಮ್ಮಾ, ನಮ್ಮ ಪುಸ್ತಕದಾಗೆ ಮೂರೇ ಕಾಲಂ ಇರೋದು. ಪಾರ್ಟ್ ಹೋಗೈತೆ, ಕರೆಂಟ್ ಹೆಚ್ಚಾಗೈತೆ, ಬಳಸಿದವರ ತಪ್ಪು. ನಿಮ್ಮ ಮನ್ಯಾಗೆ ಪಾರ್ಟ್ ಸರಿ ಇತ್ತು. ಕರೆಂಟೂ ಸರಿ ಇತ್ತು. ಉಳಿದೋರು ನೀವೇ."

"ಮಾಡ್ದೋನ ತಪ್ಪು ಅಂತ ಕಾಲಂ ಇಲ್ಲ?"

"ಇಲ್ಲಮ್ಮ."

"ಈ ಒಲೆ ಹಿಂಗೆ ಮಾಡ್ತು ಅಂತ ಬೇರೆ ಯಾರಾದ್ರೂ ಹೇಳ್ಯಾರಾ?"

"ಜಾವೀದ್, ಹೋಗಿ ಮಿಕ್ಸಿ ನೋಡು" ಅಂದ ಸಿದ್ದೇಶ್.

ಜಾವೀದ್ ಹೋಗಲಿಲ್ಲ. "ಹೇಳ್ಯಾರೆ. ನೀವು ನಾಲ್ಕನೆಯೋರು. ಹೊನ್ನಾಳಿ ಕಡೆ ಎರಡು, ಇಲ್ಲಿ ಇನ್ನೊಂದು. ಎಲ್ಲಾನೂ ಅದೇ ಕಾಲಂಗೇ ಹೋಗ್ಯಾವೆ."

ಅಂಬಿಕಾ ಪರ್ಸಿನಿಂದ ತಮ್ಮ ಹಾಳೆ ತೆಗೆದು ಕೌಂಟರ್ ಮೇಲೆ ಬಿಡಿಸಿಟ್ಟಳು. ಪೆನ್ನು ತೆಗೆದು ತನ್ನ ಸಹಿಯ ಮೇಲೆ ಎರಡು ಗೀಟು ಎಳೆದಳು. "ಪಕ್ಕದಾಗೆ ಜಾಗ ಐತಲ್ಲ ಜಾವೀದಣ್ಣ. ಅಲ್ಲಿ ಬರೀರಿ. ಒದ್ದೆ ಕೈಗೆ ಆರಲ್ಲ, ಗಟ್ಟಿ ಬೆರಳಿಗೆ ಗೊತ್ತಾಗಲ್ಲ, ಮಗೂ ಕೈ ಸುಟ್ಟೈತೆ ಅಂತ ಬರೀರಿ. ನಾಲ್ಕೂ ಮನೆ ಅಂತ ಬರೀರಿ. ಆಮೇಲೆ ಸಹಿ ಹಾಕ್ತೀನಿ."

"ನನ್ನ ಕೆಲಸ ಹೋಗತ್ತಕ್ಕ" ಅಂದ ಜಾವೀದ್, ಸಣ್ಣ ದನಿಯಲ್ಲಿ.

"ಆತ ಬರೆಯೋದು ಬ್ಯಾಡ" ಅಂದಳು ಓಬವ್ವ. "ಅವನು ಹೇಳಿದ್ದು ಎಲ್ರಿಗೂ ಕೇಳ್ಸೈತೆ. ನೀನೇ ಬರಿ ಅಂಬಿಕಾ. ಕೆಳಗೆ ನನ್ನ ಹೆಸರು ಹಾಕು. ಈವಮ್ಮಂದೂ ಹಾಕು." ಮಸರತ್ ತಲೆಯಾಡಿಸಿದಳು.

ಅಂಬಿಕಾ ಅಲ್ಲೇ ನಿಂತು ಒಂದು ಪುಟ ತುಂಬ ಬರೆದಳು. ಸಿದ್ದೇಶ್ ಸೀಲು ಹೊಡೆದು ಸ್ವೀಕರಿಸುವವರೆಗೆ ಇಬ್ಬರೂ ಕದಲಲಿಲ್ಲ. ಕಂಪನಿಯವರು ಏನಂತಾರೋ ನೋಡೋಣ ಅಂದ. ಅವರ ಉತ್ತರಕ್ಕೆ ಕಾಯದೆ ಗಾಜಿನ ಒಲೆ ವಾಪಸ್ ಇಟ್ಟುಕೊಂಡು, ಅದರ ಬದಲಿಗೆ ಗುಂಡಿ ತಿರುಗಿಸಿ ಹಚ್ಚುವ ಕರೆಂಟ್ ಒಲೆಯೊಂದನ್ನು ಕೊಟ್ಟ. ಮೊದಲು 'ನಾಳೆ ಬನ್ನಿ' ಅಂದು ನೋಡಿದ್ದ. ಓಬವ್ವ ಬಾಗಿಲಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, "ನಾಳೆವರೆಗೂ ಇಲ್ಲೇ ಕೂತಿರ್ತೀನಿ. ಬಂದೋರಿಗೆಲ್ಲಾ ನೀರಿನ ಲೋಟ ಕೊಡ್ತೀನಿ" ಅಂದ ಮೇಲೆ ಕೊಟ್ಟ.

ಕಂಪನಿಯಿಂದ ಇವತ್ತಿಗೂ ಉತ್ತರ ಬಂದಿಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಅದೇ ಒಲೆ ಈಗಲೂ ಹೊಳೆಯುತ್ತಾ ಕೂತಿದೆ. ಕೆಲಸಕ್ಕೆ ಹೋಗುವಾಗ ಅದರ ಮುಂದೆ ಯಾರಾದರೂ ಹೆಂಗಸರು ನಿಂತಿದ್ದರೆ ಅಂಬಿಕಾ ಬಸ್ಸು ತಪ್ಪಿದರೂ ಸರಿ, ಒಳಗೆ ಹೋಗಿ ಒಂದು ಮಾತು ಹೇಳಿ ಬರುತ್ತಾಳೆ.

ಆ ಭಾನುವಾರ ಸಂಜೆ ಐದೂ ಜನ ಅಡಿಗೆಮನೆಯಲ್ಲೇ ಉಣ್ಣಲು ಕೂತರು. ಹುಡುಗಿಯ ಬ್ಯಾಂಡೇಜ್ ಬಿಚ್ಚಿ ಎರಡು ದಿನವಾಗಿತ್ತು. ಹೊಸ ಚರ್ಮ ಗುಲಾಬಿ ಬಣ್ಣಕ್ಕಿತ್ತು. ಅಂಬಿಕಾ ಬಡಿಸಿದಳು. ಓಬವ್ವ ತಲೆ ಎತ್ತದೆ ಉಂಡಳು.

"ಅತ್ತೆ, ಇನ್ನೂ ಸಿಟ್ಟೈತಾ?"

"ಐತೆ. ಸಿಟ್ಟು ಇಳಿಯೋವರೆಗೂ ಉಪವಾಸ ಇರಾಕೆ ಆಗಲ್ಲ ಅಂತ ಕುಂತೀನಿ. ಸಾರು ಹಾಕು."

ಅಂಬಿಕಾ ಸಾರು ಹಾಕಿದಳು. ತಿಪ್ಪೇರುದ್ರ ತಟ್ಟೆ ಖಾಲಿ ಮಾಡಿ, ಸುಖವಾಗಿ ಗೋಡೆಗೆ ಒರಗಿದ. "ಅಂತೂ ಎಲ್ಲಾ ಸರಿ ಹೋತಲ್ಲ. ನಾನು ಅವತ್ತೇ ಹೇಳಿದ್ನಲ್ಲ, ಬಿಡ್ರಿ ಅಂತ."

ಓಬವ್ವ ತುತ್ತು ತಟ್ಟೆಯಲ್ಲೇ ಇಟ್ಟಳು. "ಏನಂದಿ?"

"ಅಲ್ಲವ್ವ, ಸುಮ್ನೆ..."

"ಸುಮ್ನೇ ಇದ್ದೆ ನೀನು. ಮೂರು ವಾರ. ಆ ಒಲೆ ಮುಂದೆ ಒಂದು ದಿನ ನಿಂತು ಆರ್ತೈತೋ ಇಲ್ವೋ ಅಂತ ನೋಡಿದ್ಯಾ? ಇವಳು ಬೈದ್ಲು, ನಾನು ಬೈದೆ, ಮಗಿನ ಕೈ ಸುಡ್ತು, ಇವಳ ಕೈ ಸುಡ್ತು. ನೀನು ಬೆಳಿಗ್ಗೆ ಇವಳ ಕೈಯಾಗೆ ಉಂಡೆ, ಸಂಜೆ ನನ್ನ ಕೈಯಾಗೆ ಉಂಡೆ."

ತಿಪ್ಪೇರುದ್ರ ಹೆಂಡತಿಯ ಕಡೆ ನೋಡಿದ. ಅಂಬಿಕಾಳ ಮುಖ ಅತ್ತೆಯ ಮುಖದಷ್ಟೇ ಬಿಗಿದಿತ್ತು.

"ಏಳ್ರಿ" ಅಂದಳು ಅವಳು. "ಎಲ್ರದೂ ತಟ್ಟೆ ಎತ್ಕೊಳ್ರಿ."

ತಿಪ್ಪೇಶಪ್ಪ ಅವಸರವಾಗಿ ಕೊನೆಯ ತುತ್ತು ಮುಗಿಸಿ ತನ್ನ ತಟ್ಟೆಯನ್ನು ಮಗನ ಕಡೆ ತಳ್ಳಿದ. ತಿಪ್ಪೇರುದ್ರ ಐದೂ ತಟ್ಟೆ ಒಂದರ ಮೇಲೊಂದು ಇಟ್ಟುಕೊಂಡು ಸಿಂಕಿನ ಹತ್ತಿರ ಹೋಗಿ, ನಲ್ಲಿ ಬಿಟ್ಟು, ಸೋಪು ಎಲ್ಲಿದೆಯೆಂದು ಹುಡುಕತೊಡಗಿದ. ಯಾರೂ ಹೇಳಲಿಲ್ಲ.

"ನಾಳೆ ಬೆಳಿಗ್ಗೆ ಏನು ಮಾಡೋಣ ಅತ್ತೆ?" ಅಂದಳು ಅಂಬಿಕಾ.

"ಅವನನ್ನೇ ಕೇಳು" ಅಂದಳು ಓಬವ್ವ. "ನಾಳೆ ಅವನದೇ ಅಡಿಗೆ."